ಸಾಂಬಾರು ನಿಷೇಧವಾಗಿದ್ದ ಮೂರು ತಿಂಗಳು

ನಮ್ಮ ಮನೆಯಲ್ಲಿ ಸಾಂಬಾರನ್ನು ನಿಷೇಧಿಸಿದವನು ನಾನೇ. ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಉಡುಪಿ ಹೋಟೆಲಿನವರ ಮಗ, ತಾಯಿಯ ಹಾಲು ಬಿಟ್ಟಿದ್ದೇ ಸಾಂಬಾರು ಕುಡಿಯುವ ಆಸೆಗೆ ಎಂದು ಹೆಸರು ಪಡೆದವನು, ಇಪ್ಪತ್ತಾರನೆಯ ವಯಸ್ಸಿನಲ್ಲಿ ಅದೇ ತಾಯಿಯ ಮುಂದೆ ಆ ಶಬ್ದವನ್ನೇ ಯಾರೂ ಎತ್ತಬಾರದು ಎಂದು ಕಾನೂನು ಮಾಡಿದೆ. ಕಾನೂನು ಮೂರು ತಿಂಗಳು ನಡೆಯಿತು. ನಾನು ಕೈ ಹಾಕಿದ ಕೆಲಸಗಳಲ್ಲಿ ಅಷ್ಟು ದಿನ ಬಾಳಿದ್ದು ಅದೊಂದೇ.

ಅಪ್ಪಯ್ಯನ ಹೋಟೆಲ್ ಇರುವುದು ವಡೋದರಾದಲ್ಲಿ, ಯೂನಿವರ್ಸಿಟಿಯ ಹತ್ತಿರ. ಹನ್ನೆರಡು ಮೇಜು, ಒಂದು ಗಲ್ಲಾ, ಗೋಡೆಯ ಮೇಲೆ ಹೊಗೆ ಹಿಡಿದ ಕೃಷ್ಣ. ಕುಂದಾಪುರದ ಹತ್ತಿರದ ಊರಿನಿಂದ ಹುಡುಗನಾಗಿ ಬಂದವರು, ಗುಜರಾತಿಗಳ ನಾಲಗೆಗೆ ತಕ್ಕಂತೆ ಸಾಂಬಾರಿಗೆ ಬೆಲ್ಲ ಹಾಕುವುದನ್ನು ಕಲಿತರು. ಅಮ್ಮನಿಗೆ ಅದು ಕಂಡರಾಗದು. ‘ಇದ್ ಸಾಂಬಾರಾ, ಪಾಯ್ಸವಾ?’ ಎಂದು ಮೂವತ್ತು ವರ್ಷ ದಿನಾ ಕೇಳಿದಳು. ಅಪ್ಪಯ್ಯ ದಿನಾ ಬೆಳಿಗ್ಗೆ ಒಂದು ಹನಿ ಸಾಂಬಾರನ್ನು ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟರು. ತೀರ್ಪು ಬರದೆ ಒಂದು ಇಡ್ಲಿಯೂ ಅಡುಗೆಮನೆ ದಾಟುತ್ತಿರಲಿಲ್ಲ.

ಈ ಜನವರಿ ಕೊನೆಗೆ, ಉತ್ತರಾಯಣದ ಗಾಳಿಪಟಗಳು ಇನ್ನೂ ಕರೆಂಟಿನ ತಂತಿಗಳಲ್ಲಿ ನೇತಾಡುತ್ತಿದ್ದಾಗ, ಒಂದು ಬೆಳಿಗ್ಗೆ ಅಂಗೈ ನೆಕ್ಕಿದವರು ಅಲ್ಲೇ ಸ್ಟೂಲಿನ ಮೇಲೆ ಕೂತರು. ಮತ್ತೆ ಏಳಲಿಲ್ಲ. ಹೃದಯ. ಅಮ್ಮ ಎರಡು ಬೀದಿ ಆಚೆ ಮನೆಯಲ್ಲಿದ್ದಳು. ನಾನು ಸೂರತ್ತಿನಲ್ಲಿದ್ದೆ, ಅಕ್ಕ ಅಹಮದಾಬಾದಿನಲ್ಲಿದ್ದಳು. ಆ ಹೊತ್ತಿಗೆ ಅವರ ಪಕ್ಕ ಇದ್ದವರು ಅಡುಗೆ ಭಟ್ಟರೊಬ್ಬರೇ.

ನಾನು ರೈಲು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಅಂಗಳದಲ್ಲಿ ಭಟ್ಟರನ್ನು ಪಕ್ಕಕ್ಕೆ ಕರೆದು ಕೇಳಿದೆ.

‘ಭಟ್ರೇ, ಕೊನಿಗೆ ಎಂತ ಅಂದ್ರ್?’

ಭಟ್ಟರು ಕಣ್ಣು ಒರೆಸಿಕೊಂಡರು. ‘ಬೆಲ್ಲ ಕಮ್ಮಿ ಅಂದ್ರ್.’

ಸಾಯುವವರು ಕೊನೆಗೆ ಏನೋ ದೊಡ್ಡ ಮಾತು ಹೇಳಿ ಹೋಗುತ್ತಾರೆ ಎಂದು ನಾನು ನಂಬಿದ್ದೆ. ಎಲ್ಲರೂ ನಂಬುತ್ತಾರೆ. ಅದಕ್ಕೇ ಊರಿನಿಂದ ಫೋನ್ ಮಾಡಿದ ಪ್ರತಿಯೊಬ್ಬರೂ ಮೊದಲು ಕೇಳಿದ್ದು ಅದನ್ನೇ. ಮೊದಲ ಫೋನಿಗೆ ತಡವರಿಸಿದೆ. ಎರಡನೆಯದಕ್ಕೆ, ‘ರಾಮ ರಾಮ ಅಂದ್ರಂತೆ’ ಎಂದುಬಿಟ್ಟೆ. ಆ ಕಡೆಯವರು ‘ಪುಣ್ಯಾತ್ಮ’ ಎಂದು ಗೊಳೋ ಎಂದರು. ಸುಳ್ಳು ಚೆನ್ನಾಗಿ ಓಡಿತು. ಐದನೆಯ ಫೋನಿನ ಹೊತ್ತಿಗೆ ಅಪ್ಪಯ್ಯ ಕೈ ಜೋಡಿಸಿದ್ದರು, ಎಂಟನೆಯದಕ್ಕೆ ಪೂರ್ವಕ್ಕೆ ಮುಖ ತಿರುಗಿಸಿದ್ದರು. ಇನ್ನೆರಡು ಫೋನ್ ಬಂದಿದ್ದರೆ ಪುಷ್ಪಕ ವಿಮಾನವನ್ನೂ ಇಳಿಸುತ್ತಿದ್ದೆ. ಅಮ್ಮನಿಗೂ ಅದನ್ನೇ ಹೇಳಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಇನ್ನು ಬೇಸಣು. ಗುಜರಾತಿನಲ್ಲಿ ಸಾವಾದ ಮನೆಯವರು ಒಂದು ಸಂಜೆ ಎರಡು ಗಂಟೆ ಕೂರುತ್ತಾರೆ. ಬಿಳಿ ಬಟ್ಟೆ, ಹಾರ ಹಾಕಿದ ಫೋಟೋ, ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಬಂದವರು ಕೈ ಮುಗಿಯುತ್ತಾರೆ, ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ, ಹೋಗುತ್ತಾರೆ. ಊಟ ಇಲ್ಲ, ತಿಂಡಿ ಇಲ್ಲ, ಹೆಚ್ಚೆಂದರೆ ನೀರು. ನಮ್ಮ ಕಡೆ ಈ ಪದ್ಧತಿ ಇಲ್ಲ, ಆದರೆ ಅಷ್ಟು ವರ್ಷದ ಗಿರಾಕಿಗಳು ಬಂದು ಎಲ್ಲಿ ಕೂರಬೇಕು? ಅಕ್ಕಪಕ್ಕದವರು ಹೇಳಿದರು, ನಾವು ಇಟ್ಟುಕೊಂಡೆವು. ಹೋಟೆಲಿನಲ್ಲೇ, ಮೇಜುಗಳನ್ನು ಗೋಡೆಗೆ ಸರಿಸಿ.

ಅಲ್ಲೇ ಎಡವಟ್ಟಾಗಿದ್ದು. ಬಿಳಿ ಬಟ್ಟೆ ಹಾಕಿಸಿ, ಕಣ್ಣು ತಗ್ಗಿಸಲು ಹೇಳಿ, ನನ್ನನ್ನು ಬಾಗಿಲ ಹತ್ತಿರ ಕೂರಿಸಿದ್ದರು. ಅರ್ಧ ಗಂಟೆ ಸರಿಯಾಗೇ ಕೂತೆ. ಅಷ್ಟರಲ್ಲಿ ದಿನಾ ಬೆಳಿಗ್ಗೆ ಬರುತ್ತಿದ್ದ ಹಳೆಯ ಗಿರಾಕಿ, ರಿಟೈರಾದ ಮೇಷ್ಟರು, ಒಳಗೆ ಕಾಲಿಟ್ಟರು. ಆ ಹೋಟೆಲು, ಆ ಬಾಗಿಲು, ಆ ಮನುಷ್ಯ. ಕಾಲು ತಾನೇ ಎದ್ದಿತು, ಬಾಯಿ ತಾನೇ ತೆರೆಯಿತು. ಚಿಕ್ಕಂದಿನಿಂದ ರಜೆಯಲ್ಲೆಲ್ಲ ಮಾಡಿದ ಕೆಲಸ.

‘ಬೋಲೋ ಕಾಕಾ, ಶುಂ ಆಪುಂ?’ ಹೇಳಿ ಕಾಕಾ, ಏನು ಕೊಡಲಿ?

ಅವರದೂ ಹಳೇ ಅಭ್ಯಾಸವೇ. ‘ಏಕ್ ಈಡಲೀ, ಸಾಂಭಾರ್ ವಧಾರೇ.’ ಒಂದು ಇಡ್ಲಿ, ಸಾಂಬಾರು ಜಾಸ್ತಿ.

ಸಭೆ ನಿಂತುಹೋಯಿತು. ಮೇಲಿನ ಫ್ಯಾನು ಕೂಡ ನಾಚಿಕೊಂಡು ನಿಧಾನವಾಯಿತು ಅನ್ನಿಸಿತು. ಕಾಕಾಗೆ ತಾವು ಎಲ್ಲಿದ್ದೇವೆಂದು ನೆನಪಾಗಿ, ಫೋಟೋ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕತೊಡಗಿದರು. ನಾನು ಅಲ್ಲೇ ನಿಂತಿದ್ದೆ. ಆರ್ಡರ್ ತೆಗೆದುಕೊಂಡಾಗಿದೆ, ಕೊಡುವ ಹಾಗಿಲ್ಲ. ಹೆಂಗಸರ ಕಡೆ ನೋಡಿದೆ. ಅಮ್ಮ ಸೆರಗನ್ನು ಪೂರ್ತಿ ಮುಖದ ಮೇಲೆ ಎಳೆದುಕೊಂಡಿದ್ದಳು. ಅವಳ ಭುಜ ಗಡಗಡ ಅಲುಗಾಡುತ್ತಿತ್ತು.

‘ಕಂಡ್ಯಾ ನೀ ಮಾಡಿದ್ದ್?’ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಉಗಿದಳು. ‘ಅಷ್ಟ್ ದಿನ ತಡ್ಕಂಡಿದ್ಲ್. ಸಾಂಬಾರ್ ಹೆಸ್ರ್ ಕೇಂಡದ್ದೇ ಹ್ಯಾಂಗ್ ಮರ್ಕ್ತಿತ್ಲ್ ಕಾಣ್!’

ಮರ್ಕುವುದು ಅಂದರೆ ಅಳುವುದು. ನಾನು ಅಮ್ಮನನ್ನು ಅಳಿಸಿಬಿಟ್ಟಿದ್ದೆ, ಊರಿಗೆ ಊರೇ ನೋಡುವಂತೆ. ಅಕ್ಕನ ಮುಂದೆ ಕಿವಿ ಹಿಡಿದುಕೊಂಡೆ.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅಮ್ಮನನ್ನು ಅಕ್ಕನ ಮನೆಗೆ, ಅಹಮದಾಬಾದಿನ ಚಾಂದ್‌ಖೇಡಾಕ್ಕೆ ಕರೆದುಕೊಂಡು ಹೋದೆವು. ಜಾಗ ಬದಲಾದರೆ ದುಃಖ ದಾರಿ ತಪ್ಪುತ್ತದಂತೆ. ಹೋಟೆಲನ್ನು ಭಟ್ಟರು ನೋಡಿಕೊಳ್ಳುವುದೆಂದಾಯಿತು. ಭಾವ ಎಣ್ಣೆ ಕಂಪನಿಯಲ್ಲಿದ್ದಾರೆ, ಅಲ್ಲೇ ಕ್ವಾರ್ಟರ್ಸು. ಆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ನಾವು ಮೂವರು ಸಭೆ ಸೇರಿದೆವು. ನಾನೇ ಮಂಡಿಸಿದೆ: ಅಮ್ಮನಿಗೆ ಅಪ್ಪಯ್ಯ ನೆನಪಾಗುವ ಯಾವುದೂ ಕಣ್ಣಿಗೆ, ಕಿವಿಗೆ, ಮೂಗಿಗೆ ಬೀಳಬಾರದು. ಸಾಂಬಾರು ಬಂದ್. ಇಡ್ಲಿ ಬಂದ್. ಹೋಟೆಲಿನ ಮಾತು ಬಂದ್. ಅವರ ಹೆಸರು ಅಂತೂ ಪೂರ್ತಿ ಬಂದ್.

‘ಮತ್ತೆ ತಿಂಬುದೆಂತ?’ ಭಾವ ಕೇಳಿದರು.

‘ಖಿಚಡಿ.’

‘ದಿನಾ?’

‘ಭಾವ, ದೇಶಕ್ಕಾಗಿ ಜನ ಜೈಲಿಗೆ ಹೋಯಿದ್ರ್. ನೀವ್ ಅತ್ತೆಗಾಗಿ ಖಿಚಡಿ ತಿನ್ನಿ.’

ಹೀಗೆ ಉಡುಪಿ ಹೋಟೆಲಿನ ಮನೆತನವೊಂದು ಖಿಚಡಿಗೆ ಶರಣಾಯಿತು. ಅಕ್ಕ ಸಾಂಬಾರಿನ ಪುಡಿಯ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಪಾಟಿನ ತುದಿಗೆ ಹಾಕಿದಳು. ಹೊರಗೆ ಊಟಕ್ಕೆ ಹೋದರೂ ದಕ್ಷಿಣದ ಹೋಟೆಲುಗಳಿರುವ ರಸ್ತೆ ಬಿಟ್ಟು ಸುತ್ತು ಹಾಕುತ್ತಿದ್ದೆವು. ಅಹಮದಾಬಾದಿನಲ್ಲಿ ದೋಸೆಯ ಬೋರ್ಡ್ ಇಲ್ಲದ ರಸ್ತೆ ಹುಡುಕುವ ಕಷ್ಟ ನನಗೆ ಗೊತ್ತು. ಒಂದು ದಿನ ಅಮ್ಮನಿಗೆ ಪಿಜ್ಜಾ ತಿನ್ನಿಸಿದೆ. ಅವಳು ಮೇಲಿನ ಮೆಣಸಿನ ಪುಡಿಯನ್ನು ಮಾತ್ರ ತಿಂದಳು.

ಎಷ್ಟೋ ಸಲ ಅಮ್ಮನೇ ಬಾಯಿ ತೆರೆಯುತ್ತಿದ್ದಳು. ‘ಅಲ್ಲ, ಅವ್ರ್ ಆ ದಿನ ಕೊನಿಗೆ…’ ಎಂದದ್ದೇ ತಡ, ಅಕ್ಕ ಮಿಕ್ಸಿ ಹಾಕುತ್ತಿದ್ದಳು. ಖಾಲಿ ಮಿಕ್ಸಿ. ಭಾವ ಕಚ್ಚಾ ಎಣ್ಣೆಯ ವಿಷಯ ತೆಗೆಯುತ್ತಿದ್ದರು. ನಾನು ಜೋಕು ಹೇಳುತ್ತಿದ್ದೆ. ಒಂದು ಸಲ ಜೋಕು ಸಿಗದೆ ಸೋಫಾದಿಂದ ಬೇಕಂತಲೇ ಬಿದ್ದೆ, ಬಿದ್ದದ್ದು ಹೆಚ್ಚಾಗಿ ಎರಡು ದಿನ ಕುಂಟಿದೆ. ಅಮ್ಮ ಮಾತು ನುಂಗಿಕೊಂಡು ಸುಮ್ಮನಾಗುತ್ತಿದ್ದಳು. ಅಬ್ಬಾ, ತಪ್ಪಿಸಿದೆವು ಎಂದು ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು. ಭೂಮಿಯ ಹೊಟ್ಟೆಯಿಂದ ಎಣ್ಣೆ ತೆಗೆಯುವ ಭಾವನಿಗೂ ಅಮ್ಮನ ಬಾಯಿಯಿಂದ ಆ ಒಂದು ವಾಕ್ಯ ಪೂರ್ತಿ ಹೊರಗೆ ಬರಲಿ ಎಂದು ಅನ್ನಿಸಲಿಲ್ಲ.

ಕೆಲಸಕ್ಕೆ ವಾಪಸು ಹೋದರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ಹೇಳಿದವರು ಬಹಳ ಜನ. ಅವರಲ್ಲಿ ಯಾರೂ ನನ್ನ ಕೆಲಸ ಮಾಡಿದವರಲ್ಲ. ನಾನು ಸೂರತ್ತಿನ ವರಾಛಾದಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳಲ್ಲಿ ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ಅಂಗೈಯಷ್ಟು ಯಂತ್ರ, ಸುತ್ತ ಗಾಜಿನ ಗೂಡು. ಸಾಸಿವೆಗಿಂತ ಸಣ್ಣ ಕಲ್ಲನ್ನೂ ತೂಗುತ್ತದೆ. ಗಾಜು ತೆಗೆದು ಕೆಲಸ ಮಾಡುವಾಗ ಉಸಿರು ಬಿಟ್ಟರೂ ಅಂಕಿ ಓಡುತ್ತದೆ. ಆ ತಿಂಗಳುಗಳಲ್ಲಿ ನಾನು ಬಗ್ಗಿದ ಕಡೆಯಲ್ಲೆಲ್ಲ ಅಂಕಿಗಳು ಓಡಾಡತೊಡಗಿದವು. ನಿಟ್ಟುಸಿರು ಬಿಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಒಬ್ಬ ಸೇಠ್ ಗದರಿದ, ‘ಭಾಯಿ, ನಿಸಾಸಾ ನಾ ನಾಖ್!’ ನಿಟ್ಟುಸಿರು ಬಿಡಬೇಡವೋ. ಯಂತ್ರ ಸರಿ ಇದೆ, ರಿಪೇರಿಯವನು ಕೆಟ್ಟಿದ್ದಾನೆ ಎಂದು ಕಾರ್ಖಾನೆಗೆಲ್ಲ ಗೊತ್ತಾಯಿತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೆಲಸ ಮಾಡಿದೆ. ಕಳ್ಳನ ಹಾಗೆ ಕಾಣುತ್ತಿದ್ದೆ. ವಜ್ರದ ಕಾರ್ಖಾನೆಯಲ್ಲಿ ಅದು ಅಷ್ಟು ಒಳ್ಳೆಯ ವೇಷವಲ್ಲ.

ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಮೊಣಕಾಲು ತಾನೇ ಅಲುಗಾಡಿ ಮೇಜಿನ ಮೇಲಿನ ಲೋಟಗಳು ಕುಣಿಯುತ್ತಿದ್ದವು. ಆದರೆ ಒಂದು ಹನಿ ಕಣ್ಣೀರು ಬರಲಿಲ್ಲ. ಅಳದಿದ್ದವನ ಎದೆ ಕಲ್ಲು ಎಂದು ಊರಿನ ದೊಡ್ಡಮ್ಮ ಫೋನಿನಲ್ಲಿ ಯಾರಿಗೋ ಹೇಳಿದ್ದು ನನಗೂ ಕೇಳಿಸಿತ್ತು. ಹಾಗಾದರೆ ಅದನ್ನು ಉಜ್ಜಿಸಿ ಮಾರಬಹುದು, ಜಾಗ ನನಗೆ ಗೊತ್ತಿದೆ ಎಂದು ನಾನೇ ನಕ್ಕಿದ್ದೆ. ನಗು ಬೇಗ ಮುಗಿಯಿತು. ನಿಜವಾಗಿಯೂ ಕಲ್ಲೇ ಇರಬಹುದೇ ಎಂಬ ಹೆದರಿಕೆ ಉಳಿಯಿತು.

ಪ್ರತಿ ಶನಿವಾರ ಸೂರತ್ತಿನಿಂದ ಅಹಮದಾಬಾದಿಗೆ ರೈಲು. ನಡುವೆ ವಡೋದರಾ ಬರುತ್ತದೆ. ರೈಲು ನಿಂತಾಗ ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ, ಹೊರಟಾಗ ಒಳಗೆ ಹೋಗುತ್ತಿದ್ದೆ. ಒಂದು ದಿನವೂ ಇಳಿಯಲಿಲ್ಲ. ಜೊತೆಗೆ ಸದಾ ಒಂದು ದೊಡ್ಡ ಬ್ಯಾಗು, ಅದರೊಳಗೆ ಮನುಷ್ಯರು ಹತ್ತಿ ನಿಲ್ಲುವ ತೂಕದ ಯಂತ್ರ. ‘ರಿಪೇರಿ ಮಾಡಿದ್ದೆ, ಸರಿ ಇತ್ತಾ ಕಾಂಬ, ಹತ್ತ್ ಅಮ್ಮ’ ಎಂದು ಸುಳ್ಳು ಹೇಳಿ ವಾರಕ್ಕೊಮ್ಮೆ ಅಮ್ಮನ ತೂಕ ನೋಡುತ್ತಿದ್ದೆ. ಐವತ್ತೆರಡು ಇದ್ದದ್ದು ಐವತ್ತಾಯಿತು, ನಲವತ್ತೇಳಾಯಿತು. ಡಾಕ್ಟರು ರಕ್ತ ನೋಡಿದರು, ಎಲ್ಲ ಸರಿ ಇದೆ, ಊಟ ಮಾಡಿಸಿ ಎಂದರು. ಅಮ್ಮ ಎರಡು ಚಮಚ ಖಿಚಡಿ ತಿಂದು ತಟ್ಟೆ ಸರಿಸುತ್ತಿದ್ದಳು. ಏಪ್ರಿಲ್ ಕೊನೆಗೆ ಅಂಕಿ ನಲವತ್ತನಾಲ್ಕು ತೋರಿಸಿತು. ಯಂತ್ರ ಕೆಟ್ಟಿದೆ ಎಂದು ಅಮ್ಮನಿಗೆ ಹೇಳಿದೆ. ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು.

‘ನಾ ಸೂರತ್ತಿಗೆ ಕರ್ಕಂಡ್ ಹೋತೆ,’ ಎಂದೆ ಅಕ್ಕ ಹೊರಗೆ ಬಂದ ಮೇಲೆ. ‘ಜಾಗ ಬದ್ಲಾದ್ರೆ ಸರಿ ಆತ್.’

‘ಒಂದ್ಸಲ ಬದ್ಲಾಯ್ತಲ್ಲೋ ಮಾರಾಯ.’

‘ಇನ್ನೊಂದ್ಸಲ ಬದ್ಲ್ ಮಾಡ್ವ.’

ಔಷಧ ನಾಟದಿದ್ದರೆ ಅದನ್ನೇ ಎರಡು ಪಟ್ಟು ಕೊಡುವ ವೈದ್ಯ ನಾನು.

ಭಾನುವಾರ ಬೆಳಗಿನ ರೈಲು. ಅಮ್ಮ ಕಿಟಕಿಯ ಪಕ್ಕ, ಮಡಿಲಲ್ಲಿ ಸಣ್ಣ ಕೈಚೀಲ. ನಾನು ದಾರಿಯುದ್ದಕ್ಕೂ ಜೋಕು ಹೇಳಿದೆ. ಎದುರಿನ ಸೀಟಿನವರು, ಕನ್ನಡ ಬಾರದವರು, ಪಾಪ ನಕ್ಕರು. ಅಮ್ಮ ನಗಲಿಲ್ಲ. ವಡೋದರಾದಲ್ಲಿ ರೈಲು ನಿಂತಿತು. ಅಭ್ಯಾಸದಂತೆ ನಾನು ಬಾಗಿಲಿಗೆ ಹೋಗಿ ನಿಂತೆ. ಹಿಂದಿನಿಂದ ಯಾರೋ ನನ್ನನ್ನು ಪಕ್ಕಕ್ಕೆ ಸರಿಸಿದರು. ನೋಡಿದರೆ ಅಮ್ಮ.

‘ನಾ ಇಲ್ಲೇ ಇಳಿತೆ. ನಿಂಗೆ ಬಪ್ಪುಕಿದ್ರೆ ಬಾ.’

‘ಅಮ್ಮ, ಸೂರತ್ ಇನ್ನೂ—’

ಅವಳು ಇಳಿದಾಗಿತ್ತು. ನಾನೂ ಹಾರಿದೆ. ಪ್ಲಾಟ್‌ಫಾರ್ಮಿನ ಮೇಲೆ ಹತ್ತು ಹೆಜ್ಜೆ ಅವಳ ಹಿಂದೆ ಓಡಿದ ಮೇಲೆ ಬ್ಯಾಗು ನೆನಪಾಯಿತು. ತಿರುಗುವಷ್ಟರಲ್ಲಿ ರೈಲು ಹೊರಟಿತ್ತು. ನನ್ನ ಬಟ್ಟೆ, ಚಾರ್ಜರು, ಅಮ್ಮನ ಬಟ್ಟೆ, ತೂಕದ ಯಂತ್ರ ಎಲ್ಲ ಮುಂಬೈ ಕಡೆಗೆ ನಡೆದವು.

ಆಟೋದವನಿಗೆ ಹೋಟೆಲಿನ ದಾರಿಯನ್ನು ಅಮ್ಮನೇ ಹೇಳಿದಳು. ನಾನು ಅಕ್ಕನಿಗೆ ಮೆಸೇಜು ಬರೆದೆ, ಅಳಿಸಿದೆ, ಬರೆದೆ. ಕಾನೂನು ಮುರಿಯುತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಹೋಟೆಲಿನ ಮುಂದೆ ಇಳಿದಾಗ ಅಮ್ಮ ಒಂದು ನಿಮಿಷ ಹೊರಗೇ ನಿಂತಳು. ಒಳಗಿನಿಂದ ಇಂಗು, ಬೇಳೆ, ಕೊತ್ತಂಬರಿಯ ವಾಸನೆ ಬರುತ್ತಿತ್ತು. ನನ್ನ ಕೈ ತಾನೇ ಕರವಸ್ತ್ರವನ್ನು ಮೂಗಿಗೆ ಒಯ್ದಿತು. ಮೂರು ತಿಂಗಳಿಂದ ನಾನೂ ಆ ವಾಸನೆಯಿಂದ ಓಡುತ್ತಿದ್ದೆ ಎಂದು ಹೊಳೆದದ್ದು ಅಲ್ಲಿ.

ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ‘ಅಮ್ಮಾ, ನೀವಾ! ಬನ್ನಿ ಬನ್ನಿ, ಕೂಕಣಿ. ಎಂತ ಕೊಡ್ಲಿ?’ ಎಂದವರು, ನನ್ನ ಕಣ್ಸನ್ನೆ ನೋಡಿ ನಾಲಗೆ ಕಚ್ಚಿಕೊಂಡರು.

ಅಮ್ಮ ಗಲ್ಲಾದ ಪಕ್ಕದ ಮೇಜಿಗೆ ಕೂತಳು. ‘ಒಂದ್ ಇಡ್ಲಿ ಕೊಡಿ. ಸಾಂಬಾರ್ ಜಾಸ್ತಿ.’

ಇಡ್ಲಿ ಬಂತು. ಅಮ್ಮ ಮುಟ್ಟಲಿಲ್ಲ.

‘ಭಟ್ರೇ, ಸುಳ್ ಹೇಳ್ಬೇಡಿ. ಅವ್ರ್ ಕೊನಿಗೆ ಎಂತ ಅಂದ್ರ್?’

ಭಟ್ಟರು ನನ್ನನ್ನು ನೋಡಿದರು. ನಾನು ಎದ್ದು ನಿಂತೆ. ‘ಅಮ್ಮ, ಒಂದ್ ಜೋಕ್ ಕೇಣ್, ಒಬ್ಬ ಡಾಕ್ಟ್ರ್ ಹತ್ರ—’

‘ನೀ ಬಾಯ್ ಮುಚ್ಕಂಡ್ ಕೂಕೋ. ಮೂರ್ ತಿಂಗ್ಳಿಂದ ನಿನ್ ಜೋಕ್ ಕೇಂಡ್ ಕೇಂಡೇ ನಾ ಸೊರ್ಗಿದ್ದ್.’ ಮತ್ತೆ ಭಟ್ಟರ ಕಡೆ ತಿರುಗಿದಳು. ‘ರಾಮ ರಾಮ ಅಂದ್ರ್ ಅಂತ ಇವ ಹೇಳ್ದ. ಮೂವತ್ತ್ ವರ್ಷದಲ್ಲಿ ಒಂದ್ ದಿನ ಅವ್ರ್ ಬಾಯಲ್ಲಿ ರಾಮ ಬಂದದ್ದ್ ನಾ ಕೇಂಡಿಲ್ಲೆ. ಎಂತದೋ ಮುಚ್ಚಿಡ್ತಿದ್ರಿ ನೀವ್ ಎಲ್ಲ. ಕೇಣುಕೆ ಹೋದ್ರೆ ಮಗ್ಳ್ ಮಿಕ್ಸಿ ಹಾಕ್ತಾಳ್. ತುಂಬ ನೋವಾಯ್ತಾ ಅವ್ರಿಗೆ? ನನ್ ಕರೆದ್ರಾ? ಹೇಳಿ ಭಟ್ರೇ. ಎರಡ್ ಬೀದಿ ಆಚೆ ಇದ್ದೆ ನಾ.’

ಅಮ್ಮನಿಗೆ ಅನ್ನ ಇಳಿಯದಿದ್ದದ್ದು ಇದಕ್ಕೆ. ನೆನಪು ಬಂತೆಂದಲ್ಲ. ತಾನಿಲ್ಲದಾಗ ಅವರು ನರಳಿದರು, ತನ್ನನ್ನು ಕರೆದರು, ತಾನು ಹೋಗಲಿಲ್ಲ, ಅದನ್ನು ಎಲ್ಲರೂ ಸೇರಿ ಮುಚ್ಚಿಟ್ಟಿದ್ದಾರೆ ಎಂದು ಅವಳು ಮೂರು ತಿಂಗಳು ಒಬ್ಬಳೇ ಲೆಕ್ಕ ಹಾಕುತ್ತಾ ಕೂತಿದ್ದಳು. ನಾನು ಎದುರಿಗೆ ಸೋಫಾದಿಂದ ಬೀಳುತ್ತಿದ್ದೆ.

ಭಟ್ಟರು ಸೌಟನ್ನು ಮೇಜಿನ ಮೇಲಿಟ್ಟರು. ‘ನೋವು ಗೀವು ಎಂತದೂ ಇಲ್ಲೆ ಅಮ್ಮ. ಕರೂಕೆ ಪುರ್ಸೊತ್ತೇ ಆಯ್ಲಿಲ್ಲೆ. ಅಂಗೈ ನೆಕ್ಕಿ, ಬೆಲ್ಲ ಕಮ್ಮಿ ಅಂದ್ರ್. ನಾ ಬೆಲ್ಲದ ಡಬ್ಬಿ ತೆಗುಕೆ ತಿರ್ಗಿದ್ದ್ ಅಷ್ಟೇ. ವಾಪಸ್ ಕಾಂಬತಿಗೆ ಗೋಡಿಗೆ ಒರ್ಗಿ ಕೂತಿದ್ರ್, ನಿದ್ರಿ ಬಂದವ್ರ್ ಹಾಂಗೆ.’

ಅಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಭುಜ ಅಲುಗಾಡತೊಡಗಿತು, ಬೇಸಣುವಿನ ದಿನದ ಹಾಗೆಯೇ. ನನಗೆ ಗಾಬರಿ. ನೀರು ತರಲು ಓಡಿ, ಸ್ಟೂಲು ಎಡವಿ, ಅರ್ಧ ನೀರು ನನ್ನ ಮೇಲೇ ಚೆಲ್ಲಿಕೊಂಡು ಬಂದೆ. ಅವಳು ಸೆರಗು ತೆಗೆದಳು. ಕಣ್ಣಿನಲ್ಲಿ ನೀರಿತ್ತು. ಆದರೆ ಅವಳು ನಗುತ್ತಿದ್ದಳು.

‘ಸಾಯುವತ್ತಿಗೂ ಬೆಲ್ಲವೇ! ಅಯ್ಯೋ ಅವ್ರ್ ಹಠವೇ!’

‘ಅಮ್ಮ, ಮರ್ಕ್‌ಬೇಡ…’

‘ಯಾರ್ ಮರ್ಕ್ತಿದ್ರ್? ಬೇಸಣು ದಿನವೂ ನಾ ನಗಾಡಿದ್ದೇ. ನೀ ಆ ಕಾಕನ್ ಹತ್ರ ಎಂತ ಕೊಡ್ಲಿ ಅಂದ್ ಕೇಂಡಿಯಲ್ಲ, ಥೇಟ್ ಅವ್ರೇ ಎದ್ದ್ ಬಂದ ಹಾಂಗ್ ಇತ್ತ್. ಆ ಹದ್ಮೂರ್ ದಿನದಲ್ಲಿ ನಂಗೆ ಒಂಚೂರ್ ಹಗೂರ ಆದ್ದ್ ಅದೊಂದೇ ಗಳಿಗೆ. ಜನ ಕಂಡ್ರೆ ಎಂತ ಅಂತ್ರ್ ಅಂತ ಸೆರಗ್ ಎಳ್ಕಂಡೆ.’

ಒಂದು ಸೆರಗಿನ ಹಿಂದಿನ ನಗುವನ್ನು ಅಳು ಎಂದುಕೊಂಡು ನಾನು ಮೂರು ತಿಂಗಳ ಕಾನೂನು ಕಟ್ಟಿದ್ದೆ. ಭಾವ ತಿಂದ ಖಿಚಡಿಯೆಲ್ಲ ಕಣ್ಣ ಮುಂದೆ ಬಂತು.

ಅಮ್ಮ ಒಂದು ಹನಿ ಸಾಂಬಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಕಣ್ಣು ಮುಚ್ಚಿದಳು. ಭಟ್ಟರು ಪರೀಕ್ಷೆಗೆ ಕೂತವರ ಹಾಗೆ ನಿಂತಿದ್ದರು.

‘ಇವತ್ತೂ ಕಮ್ಮಿಯೇ.’

ಭಟ್ಟರು ಒಳಗೆ ಹೋಗಿ ಬೆಲ್ಲ ಹಾಕಿ ಕುದಿಸಿ ತಂದರು. ನನಗೂ ಒಂದು ಬಟ್ಟಲು ಇಟ್ಟರು. ಹಾಕಿದ್ದು ಹೆಚ್ಚಾಗಿತ್ತು, ಜಿಲೇಬಿಯ ಪಾಕದ ಹಾಗಿತ್ತು. ಅಮ್ಮ ಮೂರು ಇಡ್ಲಿ ತಿಂದಳು. ತಿನ್ನುತ್ತಾ ಅಪ್ಪಯ್ಯನನ್ನು ಬಾಯಿ ತುಂಬ ಬೈದಳು. ಬೆಲ್ಲದ ವಿಷಯಕ್ಕೆ, ಬಿ.ಪಿ. ಮಾತ್ರೆ ನುಂಗದ್ದಕ್ಕೆ, ಮದುವೆಯ ವರ್ಷ ತಾಜ್‌ಮಹಲ್ ತೋರಿಸುತ್ತೇನೆಂದು ಹೇಳಿ ಸೂರತ್ತಿನಿಂದ ಮುಂದೆ ಎಲ್ಲಿಗೂ ಕರೆದುಕೊಂಡು ಹೋಗದ್ದಕ್ಕೆ. ನಾನು ಸಾಂಬಾರು ಕುಡಿಯುತ್ತಿದ್ದೆ. ಎರಡನೆಯ ಬಟ್ಟಲಿಗೆ ಕಣ್ಣು ಮೂಗು ಎಲ್ಲ ಹರಿಯತೊಡಗಿತು. ಖಾರ ಎಂದೆ. ಆ ಸಾಂಬಾರನ್ನು ಖಾರ ಎಂದವನು ಇಡೀ ವಡೋದರಾದಲ್ಲಿ ನಾನೊಬ್ಬನೇ. ಅಮ್ಮ ಸೆರಗಿನ ತುದಿ ಚಾಚಿದಳು. ಮೇಜಿನ ಕೆಳಗೆ ನನ್ನ ಮೊಣಕಾಲು ಕುಣಿಯುತ್ತಲೇ ಇತ್ತು. ಅದು ಇವತ್ತಿಗೂ ಪೂರ್ತಿ ನಿಂತಿಲ್ಲ. ಕೊನೆಯಲ್ಲಿ ಎಲ್ಲ ಹಗುರಾಗಿ ಒಂದು ದಿನ ಮುಗಿದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮೊದಲು ನನ್ನ ಮೊಣಕಾಲನ್ನು ನೋಡಿ.

ಅಕ್ಕನ ಫೋನು ಬಂತು. ಸೂರತ್ ಮುಟ್ಟಿದಿರಾ ಎಂದು ಕೇಳಲು.

‘ನಾವ್ ಇಪ್ಪುದ್ ವಡೋದರಾದಲ್ಲಿ. ಹೋಟ್ಲಲ್ಲಿ. ಅಮ್ಮ ಮೂರ್ ಇಡ್ಲಿ ತಿಂದ್ಲ್.’

‘ಸಾಂಬಾರ್?’

‘ಜಾಸ್ತಿ.’

‘ಮರ್ಕ್ತಿತ್ಲಾ?’

‘ಬೈತಿತ್ಲ್.’

‘ಯಾರಿಗೆ?’

‘ಅಪ್ಪಯ್ಯಂಗೆ.’

ಮೂರು ತಿಂಗಳಲ್ಲಿ ನಾವಿಬ್ಬರು ಆ ಶಬ್ದವನ್ನು ಆಡಿದ್ದು ಅದೇ ಮೊದಲು. ಅಕ್ಕನ ಮೂಗು ಎಳೆಯುವ ಸದ್ದು ಕೇಳಿತು. ಆಮೇಲೆ ಅವಳು ಎಂದಿನ ಗಡಸು ದನಿಯಲ್ಲಿ ಕೇಳಿದಳು, ‘ತೂಕ ಕಂಡ್ಯಾ?’

‘ಯಂತ್ರ ಮುಂಬೈಗೆ ಹೋಯ್ತ್ ಅಕ್ಕ,’ ಎಂದೆ. ಅಮ್ಮ ಗಲ್ಲಾದ ಕಡೆಯಿಂದ ಒಳಗೆ ಕೂಗುತ್ತಿದ್ದಳು, ಭಟ್ಟರೇ, ಬೆಲ್ಲದ ಡಬ್ಬಿ ಇಲ್ಲಿ ತನ್ನಿ, ನಾಳೆಯಿಂದ ರುಚಿ ನಾನೇ ನೋಡುತ್ತೇನೆ ಎಂದು.